ಬೆನ್ನ ಮೇಲೆ ಒಂದು

೧೯೯೩, ಮೇ ೧೨, ಬುಧವಾರ

ಬೆಳಿಗ್ಗೆ ಪ್ರಾಕ್ಟೀಸ್. ಬೆರಳುಗಳಿಗೆ ಟೇಪ್ ಸುತ್ತುವಷ್ಟರಲ್ಲಿ ಅರ್ಧ ಸುರುಳಿ ಖಾಲಿ. ಮೂವತ್ಮೂರು ವರ್ಷದ ಬೆರಳುಗಳು, ಒಂದೂ ನೆಟ್ಟಗಿಲ್ಲ.

ವಾರದ ಕೊನೆಗೆ ಲೀಗ್ ಶುರು. ಜಪಾನಿನ ಮೊದಲ ವೃತ್ತಿಪರ ಫುಟ್‌ಬಾಲ್ ಲೀಗ್ ಎಂದು ಟಿವಿಯವರು ಕೂತರೂ ನಿಂತರೂ ಹೇಳುತ್ತಾರೆ. ಆಡಲು ಇಳಿಯುವವರ ಶರ್ಟಿನ ಬೆನ್ನಿಗೆ ಒಂದರಿಂದ ಹನ್ನೊಂದು. ಬೆಂಚಿನವರಿಗೆ ಅದರ ಮೇಲಿನವು. ನಂಬರು ಯಾರ ಸ್ವಂತದ್ದೂ ಅಲ್ಲ, ಪ್ರತಿ ಪಂದ್ಯಕ್ಕೂ ಹೊಸದಾಗಿ ಹಂಚುತ್ತಾರೆ. ಆಟದ ದಿನ ಲಾಕರ್ ರೂಮಿಗೆ ಹೋದರೆ ಅವರವರ ಜಾಗದಲ್ಲಿ ಶರ್ಟು ನೇತಾಡುತ್ತಿರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡಿ ತಿಳಿದುಕೊಳ್ಳಬೇಕು. ಗೋಲ್‌ಕೀಪರಿಗೆ ಒಂದು. ಬದಲಿ ಕೀಪರಿಗೆ ಹದಿನಾರು.

ಒಂದು ಇನಾಬಾಗೇ ಹೋಗುತ್ತದೆ, ನಮ್ಮಿಬ್ಬರು ಕೀಪರುಗಳಲ್ಲಿ ಕಿರಿಯವನಿಗೆ. ಕಾಲೇಜಿನಿಂದ ನೇರ ಬಂದವನು, ಕೂದಲಿಗೆ ಕಂದು ಬಣ್ಣ. ಒಳ್ಳೆಯವನು. ಅದೇ ತೊಂದರೆ, ಬೈಯಲೂ ಆಗುವುದಿಲ್ಲ.

ಮೇ ೧೬, ಭಾನುವಾರ

ಹದಿನಾರು.

ಗೆದ್ದೆವು. ಕ್ರೀಡಾಂಗಣ ತುಂಬಿತ್ತು. ಮುಖಕ್ಕೆಲ್ಲ ಬಣ್ಣ ಬಳಿದುಕೊಂಡ ಹುಡುಗಿಯರು, ಕಿವಿ ಹರಿಯುವ ಕೊಂಬು. ಈ ಕ್ಲಬ್ಬು ಬರೀ ಹಡಗುಕಟ್ಟೆ ಕಂಪನಿಯ ತಂಡವಾಗಿದ್ದ ಕಾಲದಲ್ಲಿ ಬರುತ್ತಿದ್ದವರು ನಮ್ಮ ಹೆಂಡತಿಯರು. ಆಮೇಲೆ, ಮೇಲಿನವರ ಮಾತು ಮೀರಲಾರದೆ ಬಂದು ಚಳಿಗೆ ಕಾಲು ಕುಣಿಸುತ್ತಿದ್ದ ಸೆಕ್ಷನ್ ಮುಖ್ಯಸ್ಥರು.

ಅಪ್ಪ ಬರಲಿಲ್ಲ. ಕೆಮ್ಮು ಎಂದಳು ಅಮ್ಮ. ಕೆಮ್ಮು ನಿಜ. ಕಾರಣ ಅದಲ್ಲ.

ಫೆಬ್ರವರಿಯಲ್ಲಿ ಹಡಗುಕಟ್ಟೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಕ್ಲಬ್ಬಿಗೆ ಸಹಿ ಹಾಕಿದೆ. ನನ್ನ ವಯಸ್ಸಿನ ಉಳಿದವರೆಲ್ಲ ಬೂಟು ತೆಗೆದಿಟ್ಟು ಕಂಪನಿಯಲ್ಲೇ ಉಳಿದರು. ಅಪ್ಪ ಅಲ್ಲೇ ಜೀವಮಾನವೆಲ್ಲ ವೆಲ್ಡಿಂಗ್ ಮಾಡಿದವನು. ಮೇಲಧಿಕಾರಿಯ ಮುಂದೆ ಸೊಂಟ ಬಗ್ಗಿಸಿ ನನ್ನನ್ನು ಸೇರಿಸಿದವನು. ವಿಷಯ ಹೇಳಿದಾಗ ಎದ್ದು ಹೋಗಿ ಟಿವಿ ಹಾಕಿಕೊಂಡ. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ಅಪ್ಪನೂ ಕೀಪರ್. ಹಡಗುಕಟ್ಟೆ ಕಾರ್ಮಿಕರ ತಂಡ, ಮಣ್ಣಿನ ಮೈದಾನ. ನನಗೆ ಮೊದಲು ಕಲಿಸಿದ್ದು ಚೆಂಡು ಹಿಡಿಯುವುದನ್ನಲ್ಲ. ಗೋಲು ಬಿದ್ದರೆ ಬೇರೆಯವರ ಮುಖ ನೋಡಬೇಡ — ಬಲೆಯಿಂದ ನೀನೇ ಚೆಂಡು ತೆಗೆದು, ನೀನೇ ಓಡಿ, ಮೈದಾನದ ನಡುವೆ ಇಡು. ಬಿಟ್ಟವನೇ ಹೊತ್ತು ತರಬೇಕು. ಚಿಕ್ಕಂದಿನಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ.

ಒಂದೇ ಒಂದು ಸಲ. ಬೆನ್ನ ಮೇಲೆ ಒಂದು ಹಾಕಿಕೊಂಡು ನಿಂತದ್ದನ್ನು ಅಪ್ಪ ನೋಡಬೇಕು. ನನಗೆ ಇಷ್ಟೇ ಸಾಕು.

ಜೂನ್ ೯, ಬುಧವಾರ

ಹದಿನಾರು. ಬುಧವಾರ ಒಂದು, ಶನಿವಾರ ಒಂದು, ಉಸಿರಾಡಲು ಬಿಡುವಿಲ್ಲ. ಉಸಿರಾಡುವುದು ಬಿಟ್ಟು ಬೆಂಚಿನಲ್ಲಿ ನನಗೆ ಬೇರೆ ಕೆಲಸವೂ ಇಲ್ಲ.

ಈ ಲೀಗಿನಲ್ಲಿ ಡ್ರಾ ಎಂಬುದೇ ಇಲ್ಲ. ಸಮವಾದರೆ ಹೆಚ್ಚುವರಿ ಆಟ. ಅದರಲ್ಲಿ ಮೊದಲ ಗೋಲು ಬಿದ್ದ ಕ್ಷಣಕ್ಕೆ ಆಟ ಖಲಾಸ್. ಟಿವಿಯವರು ಅದನ್ನು ‘ಹಠಾತ್ ಸಾವು’ ಎನ್ನುತ್ತಾರೆ. ಕಂಪನಿ ಲೀಗಿನಲ್ಲಿ ಸಮವಾದರೆ ಕೈ ಕುಲುಕಿ ಸ್ನಾನಕ್ಕೆ ಹೋಗುತ್ತಿದ್ದೆವು. ಹಳಬರಿಗೆ ಇದು ಇನ್ನೂ ಒಗ್ಗಿಲ್ಲ.

ಜುಲೈ ೬, ಮಂಗಳವಾರ

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಅಮ್ಮನನ್ನೂ ನನ್ನನ್ನೂ ಮಾತ್ರ ಬೇರೆ ಕೋಣೆಗೆ ಕರೆದರು. ಕರೆದಾಗಲೇ ತಿಳಿಯಿತು. ಶ್ವಾಸಕೋಶ. ಹೊಸ ವರ್ಷದವರೆಗೆ ಇರುತ್ತಾರೆ ಎಂದು ಹೇಳಲಾಗದು ಎಂದರು.

ರೋಗಿಗೆ ಹೇಳುವುದು ಬೇಡ ಎಂದು ಡಾಕ್ಟರೇ ಹೇಳಿದರು. ಯಾರ ಮನೆಯಲ್ಲೂ ಹೇಳುವುದಿಲ್ಲ. ಎದೆಯಲ್ಲಿ ನೀರು ತುಂಬಿದೆ ಎನ್ನೋಣ ಎಂದಳು ಅಮ್ಮ. ಮುಖ ತೊಳೆದುಕೊಂಡು, ಕನ್ನಡಿ ನೋಡಿಕೊಂಡು, ವಾರ್ಡಿನ ಬಾಗಿಲು ತೆರೆದು ನಗುತ್ತಾ ಒಳಗೆ ಹೋದಳು. ನನಗೆ ಆಗಲಿಲ್ಲ. ಹೊರಗೇ ನಿಂತೆ.

ಆಗಸ್ಟ್ ೨೧, ಶನಿವಾರ

ಹದಿನಾರು.

ಈ ವರ್ಷ ಬೇಸಿಗೆ ಬರಲೇ ಇಲ್ಲ. ಮಳೆ, ಮಳೆ. ಅಕ್ಕಿ ಸಾಲುವುದಿಲ್ಲವಂತೆ.

ಮೊನ್ನೆ ವಾರ್ಡಿನ ಟಿವಿಯಲ್ಲಿ ಬೇರೆ ತಂಡಗಳ ಪಂದ್ಯ ಬರುತ್ತಿತ್ತು. ಹೆಚ್ಚುವರಿ ಆಟಕ್ಕೆ ಹೋಯಿತು. ವಿವರಣೆಗಾರ ‘ಹಠಾತ್ ಸಾವು’ ಅಂದದ್ದೇ ತಡ, ಅಮ್ಮ ತಟ್ಟನೆ ಎದ್ದು ಸದ್ದು ನಿಲ್ಲಿಸಿದಳು. ಅಪ್ಪ ಅವಳನ್ನು ನೋಡಿದ. ನನ್ನನ್ನೂ ನೋಡಿದ.

ಅಕ್ಟೋಬರ್ ೨೯, ಶುಕ್ರವಾರ

ದೇಶವೆಲ್ಲ ಸೂತಕದ ಮನೆಯಂತಿದೆ. ದೋಹಾದಲ್ಲಿ ನಮ್ಮ ದೇಶದ ತಂಡ ಕಟ್ಟಕಡೆಯ ಗಳಿಗೆಯಲ್ಲಿ ಗೋಲು ಬಿಟ್ಟು ವಿಶ್ವಕಪ್ ಪ್ರವೇಶ ಕಳೆದುಕೊಂಡಿತು. ಇನಾಬಾ ಬೆಳಿಗ್ಗೆ ಕಣ್ಣು ಊದಿಸಿಕೊಂಡು ಬಂದ. ನನಗೂ ದುಃಖವಾಗಬೇಕಿತ್ತು. ಆಗಲಿಲ್ಲ. ದುಃಖಕ್ಕೆ ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ.

ಅಪ್ಪ ತುಂಬ ಇಳಿದಿದ್ದಾನೆ. ನನ್ನ ಹೆಂಡತಿ ಚಿಝುಕೊ ಗಂಜಿ ತಿನ್ನಿಸಿದರೆ ತಿನ್ನುತ್ತಾನೆ. ನಾನು ಚಮಚ ಹಿಡಿದರೆ ಕಿಟಕಿ ಕಡೆ ತಿರುಗುತ್ತಾನೆ.

ನವೆಂಬರ್ ೧೭, ಬುಧವಾರ

ಪ್ರಾಕ್ಟೀಸಿನಲ್ಲಿ ಇನಾಬಾನ ಬೆರಳು ಮುರಿಯಿತು. ನಾನೇ ಐಸ್ ಹಿಡಿದು ಕೂತೆ. ಅವನು ಅಳುತ್ತಿದ್ದ. ನಾನು ಶನಿವಾರದ ಶರ್ಟನ್ನು ನೆನೆಯುತ್ತಿದ್ದೆ. ನಾಚಿಕೆಯಾಯಿತು.

ನವೆಂಬರ್ ೨೦, ಶನಿವಾರ, ಬೆಳಿಗ್ಗೆ

ಒಂದು.

ಮುಟ್ಟಿ ನೋಡಿದೆ. ಪಂದ್ಯ ಟಿವಿಯಲ್ಲಿ ಬರುತ್ತದೆ. ವಾರ್ಡಿನ ಟಿವಿ ದುಡ್ಡು ಕಟ್ಟಿದ ಕಾರ್ಡು ಹಾಕಿದರೆ ಮಾತ್ರ ನಡೆಯುತ್ತದೆ, ಹಾಕಿಡುತ್ತೇನೆ ಎಂದಿದ್ದಾಳೆ ಅಮ್ಮ. ಅಪ್ಪ ನೋಡುತ್ತಾನೋ, ಕಿಟಕಿ ಕಡೆ ತಿರುಗುತ್ತಾನೋ.

ಅದೇ ದಿನ, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಪೂರ್ತಿ ಹೊತ್ತು ಒಂದೂ ಗೋಲು ಬಿಡಲಿಲ್ಲ. ನಮ್ಮವರೂ ಹೊಡೆಯಲಿಲ್ಲ. ಹೆಚ್ಚುವರಿ ಆಟ. ಬಲಗಡೆಯಿಂದ ಬಂದ ಚೆಂಡು, ಯಾರದೋ ಹಣೆ, ನನ್ನ ಬೆರಳ ತುದಿ, ಬಲೆ. ಎದ್ದೆ. ಯಾರ ಮುಖವನ್ನೂ ನೋಡಲಿಲ್ಲ. ಚೆಂಡು ಎತ್ತಿಕೊಂಡು ಓಡಿದೆ. ನಡು ಮೈದಾನದಲ್ಲಿಟ್ಟು ತಿರುಗಿದರೆ ನಮ್ಮವರು ಅಲ್ಲಲ್ಲೇ ಬಿದ್ದುಕೊಂಡಿದ್ದಾರೆ. ಎದುರಾಳಿಗಳು ಒಬ್ಬರ ಮೇಲೊಬ್ಬರು ಹತ್ತಿ ಕುಣಿಯುತ್ತಿದ್ದಾರೆ. ಆಗ ನೆನಪಾಯಿತು. ಮುಗಿದಿತ್ತು. ಮತ್ತೆ ಶುರು ಮಾಡಲು ಆಟವೇ ಇರಲಿಲ್ಲ.

ಚೆಂಡಿನ ಪಕ್ಕದಲ್ಲಿ ಒಬ್ಬನೇ ನಿಂತಿದ್ದೆ. ಕ್ರೀಡಾಂಗಣದ ಒಂದು ಕಡೆಯಿಂದ ನಗು ಎದ್ದಿತು. ರಾತ್ರಿಯ ಕ್ರೀಡಾ ಕಾರ್ಯಕ್ರಮದಲ್ಲಿ ಅದನ್ನೇ ತಿರುತಿರುಗಿಸಿ ತೋರಿಸುತ್ತಾರೆ, ತಮಾಷೆಯ ಸಂಗೀತ ಹಾಕಿ. ಕಾದ ಒಂದೇ ದಿನ ಹೀಗಾಯಿತು. ಅಪ್ಪ ಇದನ್ನು ನೋಡಿರದಿದ್ದರೆ ಸಾಕು.

ನವೆಂಬರ್ ೨೧, ಭಾನುವಾರ

ಅಪ್ಪ ಮಾತಾಡಿದ.

ಅಮ್ಮ ಕಾಕಿ ಹಣ್ಣು ತೊಳೆದು ತರುತ್ತೇನೆಂದು ಹೊರಗೆ ಹೋದಳು. ನಾನು ಎಂದಿನಂತೆ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದೆ.

“ಅಲ್ಯಾಕೋ ನಿಂತ್ಕೊಂಡಿದ್ದೆ, ಶೋಜಿ?”

ಒಂಬತ್ತು ತಿಂಗಳ ಮೇಲೆ ನನ್ನ ಹೆಸರು. ಆಟ ಮುಗಿದದ್ದು ಮರೆತೇಹೋಗಿತ್ತು, ಕಾಲು ತಾನೇ ಓಡಿತು ಎಂದೆ.

“ಪಕ್ಕದ ಬೆಡ್ಡಿನೋನು ನಕ್ಕ. ಅವನಿಗೇನು ಗೊತ್ತು, ಮೂಲವ್ಯಾಧಿಗೆ ಬಂದೋನು.” ಕೆಮ್ಮಿದ. ನೀರು ಕೊಟ್ಟೆ, ನನ್ನ ಕೈಯಿಂದಲೇ ಕುಡಿದ. “ಕೋಪ ಹೋಗಿಲ್ಲ ಕಣೋ. ಅನ್ನ ಕೊಟ್ಟ ಕೆಲಸ ಬಿಟ್ಟೆಯಲ್ಲ, ಆ ಕೋಪ ಹಾಗೇ ಇದೆ. ಆದ್ರೆ ಬಿಟ್ಟೋನೇ ಹೊತ್ಕೊಂಡು ಬಂದ. ಅದನ್ನ ನೋಡ್ದೆ ನಾನು.”

ಲೋಟ ಕೆಳಗಿಟ್ಟೆ. ಅಪ್ಪ ಬಾಗಿಲ ಕಡೆ ನೋಡಿಕೊಂಡು ಸಣ್ಣ ದನಿಯಲ್ಲಿ ಮುಂದುವರಿಸಿದ.

“ನನಗಿರೋದು ಎದೇಲಿ ನೀರಲ್ಲ. ನನ್ನ ಜೊತೆ ವೆಲ್ಡಿಂಗ್ ಮಾಡ್ತಿದ್ದೋರು ಎಷ್ಟು ಜನ ಹೀಗೇ ಹೋದ್ರು. ನನಗೆ ಗೊತ್ತು ಅಂತ ನಿಮ್ಮಮ್ಮಂಗೆ ಹೇಳ್ಬೇಡ. ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದಾಳೆ.”

ತಲೆಯಾಡಿಸಿದೆ.

“ಒಂದಿನ ಫೋನ್ ಮಾಡ್ತಾಳೆ. ಅಪ್ಪ ಚೆನ್ನಾಗಿದ್ದಾರೆ, ಆಟ ಮುಗಿಸ್ಕೊಂಡು ಬಾ ಅಂತಾಳೆ. ಅರ್ಥ ಮಾಡ್ಕೋ. ಬೆನ್ನ ಮೇಲೆ ಹದಿನಾರಿದ್ರೆ ಓಡಿ ಬಾ. ಒಂದಿದ್ರೆ ಬರ್ಬೇಡ.”

ಅಮ್ಮ ತಟ್ಟೆ ಹಿಡಿದು ಬಂದಳು. ಎದೆಯ ನೀರು ಯಾವಾಗ ಬತ್ತುತ್ತದಂತೆ ಎಂದು ಅಪ್ಪ ಅವಳನ್ನು ಕೇಳಿದ. ಹೊಸ ವರ್ಷದೊಳಗೆ ಎಂದಳು. ಹಾಗಾದರೆ ಹಬ್ಬಕ್ಕೆ ಅಕ್ಕಿಯ ಮೋಚಿ ಕಡುಬು ತಿನ್ನಬಹುದು ಎಂದ. ನಾನು ಸೈಕಲ್ ನಿಲ್ಲಿಸುವ ಜಾಗಕ್ಕೆ ಹೋಗಿ ಅತ್ತೆ.

ಡಿಸೆಂಬರ್ ೪, ಶನಿವಾರ

ಒಂದು. ಸೋತೆವು. ಎರಡು ಸಲ ಚೆಂಡು ಹೊತ್ತು ತಂದೆ. ಯಾರೂ ನಗಲಿಲ್ಲ.

ಡಿಸೆಂಬರ್ ೮, ಬುಧವಾರ

ಆಫೀಸಿಗೆ ಕರೆದರು. ಮುಂದಿನ ವರ್ಷಕ್ಕೆ ನನ್ನೊಂದಿಗೆ, ಕುರಿಹಾರಾ ಶೋಜಿಯೊಂದಿಗೆ, ಕರಾರು ಇಲ್ಲ. ಚಹಾ ಕೊಟ್ಟರು, ಎದ್ದು ನಿಂತು ತಲೆ ಬಾಗಿಸಿದರು. ನಾನೂ ಬಾಗಿಸಿದೆ.

ಇನಾಬಾನ ಬೆರಳಿನ ಪಟ್ಟಿ ಬಿಚ್ಚಿದ್ದಾರೆ. ಇಂದು ಎಲ್ಲ ಚೆಂಡೂ ಹಿಡಿದ. ಇನ್ನು ಉಳಿದಿರುವುದು ಹದಿನಾರೇ.

ಸಂಜೆ ಅಪ್ಪ ಬೆರಳೆತ್ತಿ ಕೇಳಿದ. ಮಾತಾಡುವ ಶಕ್ತಿ ಇಲ್ಲ. ಬೆರಳಿನಲ್ಲೇ ‘ಒಂದಾ?’ ಎಂದು. ಹೌದು ಎಂದೆ. ಮುಂದಿನ ವರ್ಷವೂ ಎಂದೆ. ಈ ಮನೆಯಲ್ಲಿ ನಾನೂ ಸುಳ್ಳು ಕಲಿತೆ.

ಡಿಸೆಂಬರ್ ೧೧, ಶನಿವಾರ

ಕ್ರೀಡಾಂಗಣದ ಬಾಗಿಲಲ್ಲೇ ಇನಾಬಾ ಎದುರಾದ. “ಕುರಿಹಾರಾ ಸಾನ್, ಬೆರಳು ಮತ್ತೆ ನೋಯ್ತಾ ಇದೆ. ಕೋಚ್‌ಗೆ ಹೇಳ್ಬಿಟ್ಟೆ,” ಎಂದ. ಅದೇ ಕೈಯಲ್ಲಿ ಭಾರದ ಚೀಲ ಹಿಡಿದಿದ್ದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕರಾರಿನ ವಿಷಯ ಅವನ ಕಿವಿಗೆ ಬಿದ್ದಿರಬೇಕು.

ಲಾಕರಿನಲ್ಲಿ ಒಂದು.

ಟೇಪ್ ಸುತ್ತುತ್ತಿದ್ದಾಗ ಆಫೀಸಿನಿಂದ ಕರೆದರು, ಮನೆಯವರ ಫೋನ್, ಆಸ್ಪತ್ರೆಯಿಂದ ಎಂದು. ಅಮ್ಮ. ಹಿಂದೆ ಚಿಝುಕೊಳ ದನಿ, ಓಡಾಟದ ಸದ್ದು. ಅಮ್ಮ ಮಾತ್ರ ನಿಧಾನವಾಗಿ, ಸ್ಪಷ್ಟವಾಗಿ, ಮುಖ ತೊಳೆದುಕೊಂಡು ಬಂದವಳ ಹಾಗೆ ಹೇಳಿದಳು.

“ಅಪ್ಪ ಚೆನ್ನಾಗಿದ್ದಾರೆ. ಆಟ ಮುಗಿಸ್ಕೊಂಡು ಬಾ.”

ಸರಿ ಅಮ್ಮ ಎಂದೆ.

ಶರ್ಟು ಹಾಕಿಕೊಂಡಿದ್ದೇನೆ. ಟೇಪಿನ ಬೆರಳಲ್ಲಿ ಪೆನ್ನು ನಿಲ್ಲುತ್ತಿಲ್ಲ. ಹೊರಗೆ ಸಾಲು ನಿಂತಿದ್ದಾರೆ, ನನ್ನನ್ನು ಕೂಗುತ್ತಿದ್ದಾರೆ. ವಾರ್ಡಿನ ಟಿವಿಗೆ ಯಾರಾದರೂ ಕಾರ್ಡು ಹಾಕಿರುತ್ತಾರೆಯೆ — ಕೇಳಲಿಲ್ಲ. ಹಾಕಿರಲಿ, ಬಿಡಲಿ. ಇವತ್ತು ಗೋಲು ಬಿದ್ದರೆ, ಆಟ ಮುಗಿದಿದ್ದರೂ ಸರಿ, ಚೆಂಡು ಎತ್ತಿಕೊಂಡು ನಾನು