ಮೇಜಿನ ಕೆಳಗಿನ ಬುಟ್ಟಿ

೧೦ ಫೆಬ್ರುವರಿ ೧೯೯೮, ಮಂಗಳವಾರ

ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿವೆಯೋ ತಿಳಿಯದು. ಕ್ಷಮಿಸಬೇಕು... ಯಾರು ಕ್ಷಮಿಸಬೇಕು? ಈ ವಹಿ ಓದುವವರು ಯಾರೂ ಇಲ್ಲ. ಜತ್ತ ಕಡೆಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತೆ. ಆಮೇಲೆ ಕುರಿ. ಆಮೇಲೆ ಮಿರಜ, ಅವ್ವನ ತಂಗಿ ಸುನಂದಾ ಮಾವಶಿಯ ಖೋಲಿಯಲ್ಲಿ ವಾಸ, ಈ ಆಸ್ಪತ್ರೆಯ ರೆಕಾರ್ಡ್ ರೂಮು.

ಇಂದು ಮಧ್ಯಾಹ್ನದೊಳಗೆ ರೋಗಿಗಳ ಅರವತ್ತೆರಡು ಫೈಲು ತಂದುಕೊಟ್ಟೆ. ರ‍್ಯಾಕುಗಳೆಲ್ಲ ನೆಲಮಾಳಿಗೆಯಲ್ಲಿ. ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು, ಹತ್ತಬೇಕು. ಮೊಣಕಾಲು ಸೋತಿದೆ.

ವೃಷಾಲಿ ಮೇಡಮ್ ಎರಡು ವಹಿ ಕೊಟ್ಟರು. ಸಾಂಗ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಸಮಡೋಳಿಯ ಜೈನರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಪಿಎಚ್‌ಡಿ ಮಾಡುತ್ತಿದ್ದಾರೆ, ಅದಕ್ಕೆ ನಮ್ಮ ಫೈಲುಗಳ ಲೆಕ್ಕ ಬೇಕಂತೆ.

"ಯಾವ ಫೈಲ್ ಕೇಳ್ತಾರ, ಕಿತಿ ವಾಜತಾ, ಎಷ್ಟ ಗಂಟೆಕ್ಕ, ಎಲ್ಲಾ ಬರಿ ಕೃಷ್ಣಾ. ಒಂದೂ ಬಿಡಬ್ಯಾಡ. ಈ ಎರಡನೇ ವಹಿ ನಿನಗ. ಏನರ ಬರಕೋ."

ನಮ್ಮ ಹೆಡ್ ಧೋಂಡಪ್ಪ ಕಾಕಾ ಕೇಳಿಸಿಕೊಂಡು ಅಂದರು, "ಕುರಿ ಎಣಸಾಕಿಗಿ ಈಗ ಡಾಕ್ಟರಕಿ ಕೊಡ್ತಾರೇನ?"

ನಾನು ಮುಂದಿನ ಫೈಲಿನ ಚೀಟಿ ಹಿಡಿದು ಮೆಟ್ಟಿಲು ಇಳಿದೆ.

೧೯ ಫೆಬ್ರುವರಿ

ಒಂದು ಮಾತು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ವಾಪಸು ಬಂದ ಫೈಲು ಕೂಡಲೇ ರ‍್ಯಾಕಿಗೆ ಹೋಗಬೇಕು. ಅದು ಕಾಕಾನ ಕಾಯಿದೆ. ಹಿಂದೆ ಒಂದು ಫೈಲು ಕಳೆದು, ಅವರನ್ನು ಆಫೀಸಿನಲ್ಲಿ ಎಲ್ಲರೆದುರು ನಿಲ್ಲಿಸಿದ್ದರಂತೆ. ಅವರ ಕಣ್ಣು ತಪ್ಪಿಸಿ ಮೇಜಿನ ಕೆಳಗೆ ಒಂದು ಬುಟ್ಟಿ ಇಟ್ಟಿದ್ದೇನೆ, ಮೇಲೊಂದು ಹಳೆ ಸೀರೆ. ಮತ್ತೆ ಕೇಳುವಂಥ ಫೈಲು ಅದರಲ್ಲಿ ಹನ್ನೊಂದು ಹಿಡಿಯುತ್ತವೆ. ಆ ನಂಬರು ಬಂದರೆ ಬಗ್ಗಿ ತೆಗೆದು ಕೊಡುತ್ತೇನೆ. ಮೆಟ್ಟಿಲಿಲ್ಲ.

ಬುಟ್ಟಿಯಿಂದ ಕೊಟ್ಟದ್ದನ್ನು ಮೇಡಮ್ ವಹಿಯಲ್ಲಿ ಬರೆಯುವುದಿಲ್ಲ. ಕಾಕಾ ಅದನ್ನು ದಿನಾ ತಿರುವಿ ನೋಡುತ್ತಾರೆ. ಒಂದೇ ನಿಮಿಷದಲ್ಲಿ ಮೂರು ಫೈಲು ಕೆಳಗಿನಿಂದ ಹೇಗೆ ಬಂದವು ಅಂದರೆ? ಇಳಿದು ತಂದದ್ದಷ್ಟೇ ಬರೆಯುತ್ತೇನೆ. ಉಳಿದದ್ದು ಬಿಟ್ಟರೆ ಯಾರಿಗೇನು.

೪ ಮಾರ್ಚ್, ಸಂಜೆ ೬

ಮೇಡಮ್ ಸೂರ್ಯ ಮುಳುಗುವ ಮೊದಲು ಉಣ್ಣಬೇಕು. ಸಾಂಗ್ಲಿ ಮುಟ್ಟುವುದರೊಳಗೆ ಕತ್ತಲಾಗುತ್ತದೆ. ಅದಕ್ಕೆ ಇಲ್ಲೇ ಡಬ್ಬಿ ಬಿಚ್ಚುತ್ತಾರೆ. ನನಗೂ ಒಂದು ಚಪಾತಿ. ದಿನದಲ್ಲಿ ನಾನು ಯಾರ ಜೊತೆಗಾದರೂ ಕೂತು ಉಣ್ಣುವುದು ಇದೊಂದೇ. ಮಾವಶಿಗೆ ರಾತ್ರಿ ಪಾಳಿ. ನಾವು ಬಾಗಿಲಲ್ಲಷ್ಟೇ ಸಿಗುತ್ತೇವೆ.

ಏನು ಕಲಿಯುತ್ತೀರಿ ಎಂದು ಇವತ್ತು ಹೇಗೋ ಕೇಳಿಬಿಟ್ಟೆ.

"ಮನ್ಯಾಗ ಯಾರೂ ಕೇಳಿಲ್ಲ ನೋಡ. ಲಗ್ನ ಕಧೀ, ಯಾವಾಗ, ಅಷ್ಟ ಕೇಳ್ತಾರ." ಆಮೇಲೆ ಹೇಳಿದರು. ಕಂಪ್ಯೂಟರಿನಲ್ಲಿ ಉಗ್ರಾಣದಂಥ ದೊಡ್ಡ ಕೋಠಿ ಒಂದು ಇರುತ್ತದೆ, ದೂರ. ಅಲ್ಲಿಂದ ತರಲು ತಡ. ಕೈಹತ್ತಿರ ಚಿಕ್ಕ ಜಾಗ ಒಂದು, ಅದಕ್ಕೆ ಕ್ಯಾಶ್ ಅನ್ನುತ್ತಾರೆ. ಮತ್ತೆ ಬೇಕಾಗುವುದನ್ನು ಅಲ್ಲಿಟ್ಟುಕೊಂಡರೆ ಕೆಲಸ ಚುರುಕು. "ಖರೆ, ಜಾಗ ತುಂಬತದ. ಯಾವುದು ಇಡೂದು, ಯಾವುದು ತೆಗಿಯೂದು? ಆರು ವರ್ಷ ಇದs ಹಿಡಕೊಂಡು ಕುಂತೇನಿ."

ಬುಟ್ಟಿ ನನ್ನ ಕಾಲಿಗೆ ತಾಗುತ್ತಿತ್ತು. ಹೇಳಬೇಕೆಂದುಕೊಂಡೆ. ಕಾಕಾ ಬಾಗಿಲಲ್ಲಿದ್ದರು.

೨೧ ಮೇ, ಗುರುವಾರ

ಎರಡೂವರೆ ತಿಂಗಳಾಯಿತು ಇದನ್ನು ಮುಟ್ಟದೆ. ಬರೆಯುವಂಥದ್ದು ಇರಲಿಲ್ಲ. ಇಂದು ಇದೆ.

ಮೇಡಮ್ ಮುಖ ಇಳಿಬಿಟ್ಟು ಬಂದರು. ನಾನು ಬರೆದುಕೊಟ್ಟದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿದರಂತೆ.

"ನಿಮ್ಮ ಆಸ್ಪತ್ರ್ಯಾಗ ಒಮ್ಮೆ ಕೇಳಿದ ಫೈಲ್ ಮತ್ತ ಯಾರೂ ಕೇಳೂದs ಇಲ್ಲ ಕೃಷ್ಣಾ. ಹತ್ತಿರ ಇಟಗೊಂಡು ಕಾಹೀ ಉಪಯೋಗ ನಾಹೀ ಅಂತ ಬಂದದ. ಗೈಡ್ ಅಂದ್ರು, ಈ ವಿಷಯ ಬಿಟ್ಟುಬಿಡು."

"ಬಿಟ್ಟರ?"

"ಆರು ವರ್ಷ ಹೋತು. ಅಷ್ಟs."

ಮತ್ತೆ ಕೇಳುತ್ತಾರೆ. ದಿನಾ ಕೇಳುತ್ತಾರೆ. ಆ ಫೈಲುಗಳನ್ನೇ ನಾನು ಬರೆದಿಲ್ಲ.

ಇದನ್ನು ಹೇಳದೆಯೇ ಅವರ ಡಬ್ಬಿ ತೊಳೆದು ಕೊಟ್ಟೆ.

೩ ಜೂನ್, ಬುಧವಾರ

ರಜೆ. ಎಲ್ಲ ಹೇಳಿಬಿಡಬೇಕೆಂದು ಸಿಟಿ ಬಸ್ಸು ಹಿಡಿದು ಸಾಂಗ್ಲಿಗೆ ಹೋದೆ. ಸಾಂಗ್ಲಿ, ಮಿರಜ, ಕುಪವಾಡ ಈಗ ಒಂದೇ ಮಹಾನಗರ ಅಂತೆ. ದಾರಿಯುದ್ದಕ್ಕೂ ಗಾಜಿನ ಅಂಗಡಿ, ಕಂಪ್ಯೂಟರ್ ಕ್ಲಾಸಿನ ಬೋರ್ಡು. ಕಾಲೇಜಿನ ಲ್ಯಾಬಿಗೂ ಗಾಜು. ಒಳಗೆ ಮೇಡಮ್ ಒಬ್ಬರೇ, ಬೆನ್ನು ಮಾಡಿ ಕೂತಿದ್ದರು. ಹೊರಗೆ ಹತ್ತು ಹನ್ನೆರಡು ಜೋಡು ಚಪ್ಪಲಿ ಇಡುವ ಜಾಗ. ಒಂದೇ ಜೋಡಿ ಇತ್ತು.

ನನ್ನದನ್ನೂ ಬಿಟ್ಟೆ. ಸ್ವಲ್ಪ ಹೊತ್ತು ನಿಂತೆ. ಮತ್ತೆ ಮೆಟ್ಟಿಕೊಂಡು ಬಂದೆ.

೧೮ ಜೂನ್

ಹೇಳಿದೆ.

ಮೇಡಮ್ ಲೆಕ್ಕದ ವಹಿ ಒಯ್ಯಲು ಬಂದಿದ್ದರು. ಕಾಕಾ ಚಹಾಕ್ಕೆ ಹೋಗಿದ್ದರು.

"ವಹಿ ಖರೆ ಇಲ್ಲರಿ ಮೇಡಮ್."

"ಮ್ಹಣಜೆ? ಹಂಗಂದ್ರ?"

ಕಾಲಿನಿಂದ ಬುಟ್ಟಿ ಹೊರಗೆಳೆದೆ. ಸೀರೆ ಸರಿಸಿದೆ. "ಕೆಳಗಿಂದ ತಂದದ್ದಷ್ಟ ಬರದೇನಿ. ಇದರಾಗಿಂದು ಬರದಿಲ್ಲ. ಕಾಕಾ ನೋಡ್ತಾರಂತ ಅಂಜಿದ್ನಿ."

ಅವರು ನೆಲಕ್ಕೆ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಫೈಲು ಎತ್ತಿ ನೋಡಿದರು.

"ದಿನಾ ಎಷ್ಟ ಕೊಡ್ತಿ ಇದರಾಗಿಂದ?"

"ಮೂವತ್ತು. ಸಂತಿ ದಿನ ನಲವತ್ತು."

"ತುಂಬಿತಂದ್ರ ಯಾವುದು ತೆಗೀತಿ?"

"ಹಿತ್ತಲ ಪಡಸಾಲ್ಯಾಗ ಪೇಶಂಟಿನ ಮಂದಿ ಒಲಿ ಹೂಡಿರ್ತಾರಲ್ಲರಿ. ಯಾರ ಒಲಿ ಎದ್ದಿರ್ತದ, ಅವರದು. ಊರಿಗೆ ಹ್ವಾದರು ಅಂತ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಇನ್ನೊಮ್ಮೆ ಹೇಳು ಅಂದರು. ಹೇಳಿದೆ.

"ನಾ ಹುಡುಕಿದ್ದೆಲ್ಲಾ ಈ ಬುಟ್ಟ್ಯಾಗ ಇತ್ತು. ನೀ ಬರದುಕೊಟ್ಟದ್ದು ಉಳಿದದ್ದು." ಫೈಲುಗಳನ್ನು ಬುಟ್ಟಿಗೆ ಮರಳಿ ಇಟ್ಟು, "ಗೈಡ್ ಕಡೆ ದೀವಳಗಿ ತನಕಾ ವೇಳೆ ಕೇಳಬಹುದು. ಮತ್ತ ಮೊದಲಿಂದ ಬರೀಬೇಕಾಗತದ, ಬುಟ್ಟೀದೂ. ಕಾಕಾಗ ಗೊತ್ತಾಗತದ. ನೋಕರಿ ನಿಂದು. ಬರಿ ಅಂತ ನಾ ಅನ್ನಂಗಿಲ್ಲ."

ಕಿಟಕಿಯಾಚೆ ಸೂರ್ಯ ಮುಳುಗಿದ್ದ. ಡಬ್ಬಿ ಬಿಚ್ಚದೆ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. ವಹಿಯನ್ನು ಮೇಜಿನ ಮೇಲೇ ಬಿಟ್ಟು ಹೋದರು.

೧೯ ಜೂನ್

ಬರಲಿಲ್ಲ.

೨೪ ಜೂನ್

ಬರಲಿಲ್ಲ. ಸಂಜೆ ಆರಕ್ಕೆ ಸುಮ್ಮನೆ ಎರಡು ಸ್ಟೂಲು ಹಾಕಿದೆ. ಕಾಕಾ ಅಂದರು, "ಯಾರ ಸಲುವಾಗಿ? ನಿನ್ನ ಡಾಕ್ಟರಕಿ ಮುಗೀತಲ್ಲ." ಒಂದನ್ನು ತೆಗೆದಿಟ್ಟೆ.

೨೯ ಜೂನ್, ಸೋಮವಾರ, ಬೆಳಿಗ್ಗೆ ೮.೧೦

ಬೇಗ ಬಂದೆ. ಹಿತ್ತಲಿಗೆ ಹೋಗಿ ಒಲೆ ಎಣಿಸಿದೆ. ಒಂಬತ್ತು.

ಬುಟ್ಟಿಯನ್ನು ಮೇಜಿನ ಕೆಳಗಿನಿಂದ ತೆಗೆದು ಮೇಲಿಟ್ಟೆ. ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಅಷ್ಟರಲ್ಲಿ ಡ್ರೆಸ್ಸಿಂಗ್ ರೂಮಿನಿಂದ ಮೊದಲ ಚೀಟಿ ಬಂತು, ೪೪೧೭. ಕೂತಲ್ಲಿಂದಲೇ ಕೊಟ್ಟೆ. ಮೇಡಮ್ ವಹಿಯ ಹೊಸ ಹಾಳೆಯಲ್ಲಿ ನಂಬರು ಬರೆದೆ, ವೇಳೆ ಬರೆದೆ, ಪಕ್ಕದಲ್ಲಿ ಬುಟ್ಟಿ ಎಂದು ಪೂರ್ತಿ ಬರೆದೆ.

ಹೊರಗೆ ಕಾಕಾನ ಚಪ್ಪಲಿ ಸಪ್ಪಳ. ಈ ವಹಿ ಮುಚ್ಚುತ್ತೇನೆ. ಮೇಡಮ್ ವಹಿ ತೆರೆದೇ ಇರಲಿ —