ಅಮ್ಮನ ಚಿತ್ರದ ಕೆಳಗಿನ ಸಾಲು

ಛಾಯಾಗ್ರಾಹಕರಿಗೆ ನಮಸ್ಕಾರ.

ನಮ್ಮ ಬೀದಿಯ ಮೂರು ತಲೆಮಾರಿನವರನ್ನು ಕೂರಿಸಿ, ಅವರವರ ಆಸೆ ಕೇಳಿ ನೀವು ಚಿತ್ರ ತೆಗೆದಿರಿ. ಅವರ ಮಾತುಗಳನ್ನು ಚೀಟಿಗಳಲ್ಲಿ ಬರೆದುಕೊಡುವ ಕೆಲಸ ನನ್ನದಾಗಿತ್ತು. ಅದರಲ್ಲಿ ಒಂದು ಚೀಟಿಯನ್ನು ಬದಲಾಯಿಸಬೇಕಾಗಿದೆ.

ನನ್ನ ಅಮ್ಮನ ಚಿತ್ರದ ಕೆಳಗೆ ‘ಮೊಮ್ಮಕ್ಕಳ ನಗುವೇ ನನ್ನ ನಾಳೆಯ ಬೆಳಕು’ ಎಂದಿದೆ. ಅದು ನಾನು ಕಟ್ಟಿದ ಸಾಲು. ಪಕ್ಕದ ಮನೆಯ ಹುಡುಗಿ ವಿಮಾನ ಓಡಿಸಬೇಕು ಎಂದದ್ದನ್ನು, ಅವಳಪ್ಪ ಕೊಳಲು ಕಲಿಯಬೇಕು ಎಂದದ್ದನ್ನು ಇದ್ದ ಹಾಗೇ ಬರೆದೆ. ಅಮ್ಮನ ಮಾತನ್ನು ಬರೆಯಲು ಮಾತ್ರ ಕೈ ಬರಲಿಲ್ಲ. ನೆಂಟರೆಲ್ಲ ಓದುತ್ತಾರಲ್ಲ.

ಮೊನ್ನೆ ಪ್ರದರ್ಶನದಲ್ಲಿ ಆ ಹುಡುಗಿ ಅಮ್ಮನಿಗೆ ಚೀಟಿ ಓದಿ ಹೇಳಿದಳು. ಅಮ್ಮ ನನ್ನ ಕಡೆ ತಿರುಗಿ, “ಇದು ನಂದಲ್ಲ ಕಣೇ. ಯಾವ ಪುಣ್ಯಾತ್ಗಿತ್ತಿದೋ ತಂದು ನನ್ನ ಕೆಳಗೆ ಅಂಟಿಸಿದ್ದಾರೆ. ಪಾಪ, ಆಯಮ್ಮ ಹುಡುಕ್ತಿರ್ತಾಳೆ, ಹೋಗಿ ಹೇಳು” ಎಂದರು.

“ಹೇಳ್ತೀನಮ್ಮ” ಎಂದೆ.

ದಯವಿಟ್ಟು ಅವರು ಹೇಳಿದ್ದನ್ನೇ ಅಚ್ಚು ಹಾಕಿಸಿ: “ನಂಗೂ ಒಂದು ಕೋಣೆ ಬೇಕಪ್ಪ. ಒಳಗಿಂದ ಚಿಲಕ ಹಾಕ್ಕೊಂಡು ಮಲಗ್ಬೇಕು. ನಡುಮನೇಲಿ ಬಿದ್ಕೊಂಡು ಬಂದೋರ ಕಾಲು ನೋಡಿ ನೋಡಿ ಸಾಕಾಗಿದೆ.”

ನನ್ನ ಓದುವ ಕೋಣೆಯ ಪುಸ್ತಕಗಳು ಈಗ ನಡುಮನೆಗೆ ಬಂದಿವೆ. ಹೊಸ ಚೀಟಿಯನ್ನು ಮೊದಲು ಅಮ್ಮನಿಗೇ ಓದಿ ಹೇಳಿ. ಅವರ ಕೋಣೆಯ ಬಾಗಿಲು ತಟ್ಟಿ ಸ್ವಲ್ಪ ಕಾಯಿರಿ. ಚಿಲಕ ತೆಗೆಯುವುದು ಅವರಿಗಿನ್ನೂ ಹೊಸದು.

ತಲೆ ತಗ್ಗಿಸಿ,
ಅವರ ಮಗಳು