ಲ್ಯಾಪ್‌ಟಾಪಿನ ಕಂಪನಿ ಬದಲಿಸಲು ಅನುಮತಿ ಕೋರಿ

ಪೂಜ್ಯ ಕಾಕಾ ಅವರ ಪಾದಗಳಿಗೆ,

ನಿಮ್ಮ ಅರ್ಜಿಗಳನ್ನು ನಕಲು ಮಾಡಿ ಮಾಡಿ ಕನ್ನಡ ಕಲಿತ ನಿಮ್ಮ ಅಣ್ಣನ ಮಗ ಬಸಲಿಂಗಪ್ಪನು, ಮಸ್ಕಿ ತಹಶೀಲ್ ಕಚೇರಿಯ ಎದುರು ತಾನು ಅರ್ಜಿ ಬರೆಯುವ ತಗಡಿನ ಶೆಡ್ಡಿನಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ: ಮತ್ತೊಂದು ಲ್ಯಾಪ್‌ಟಾಪು ಕೈಕೊಟ್ಟಿದೆ. ಅದೇ ಕಂಪನಿಯದು. ಹೌದು, ಬಿಡಬೇಡ ಎಂದು ನೀವು ಮಾತು ತೆಗೆದುಕೊಂಡ ಅದೇ ಕಂಪನಿ. ಈ ಬೆಳಿಗ್ಗೆ ಪರದೆಯನ್ನು ಎತ್ತಿದೆ. ಒಂದು ಬದಿ ಮೇಲೆ ಬಂತು, ಇನ್ನೊಂದು ಬದಿ ಕಟಕ್ಕೆಂದು ಮುರಿದು ಅಲ್ಲೇ ಉಳಿಯಿತು. ಆ ಕಾರಣದಿಂದ ಈ ಪತ್ರವನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಕಾಣಿಸುತ್ತಿಲ್ಲ. ಪೂರ್ತಿ ದಾಖಲೆ ಕೈಯಲ್ಲಿಲ್ಲದೆ ಎದುರುದಾರನ ಹೆಸರು ಎತ್ತಬಾರದೆಂದು ಕಲಿಸಿದವರು ನೀವೇ ಅಲ್ಲವೇ?

ಲಿಂಗಸುಗೂರಿನ ಕಚೇರಿಯ ಮುಂದೆ, ಬೇವಿನ ಮರದ ಕೆಳಗೆ, ನೀವು ನನ್ನನ್ನು ಮೊದಲ ಸಲ ಕೂರಿಸಿದ ದಿನ ನೆನಪಾಗುತ್ತದೆ. ಒಂದೇ ಅರ್ಜಿಯನ್ನು ಹತ್ತು ಸಲ ಬರೆಸಿದಿರಿ. ನನ್ನ ಅಕ್ಷರ ನೋಡಿ ನೀವು ಅಂದದ್ದು ಇದು: "ಲೇ ಬಸ್ಯಾ, ಅರ್ಜಿ ಅಂದ್ರ ಅಳೋದಲ್ಲ. ಬಗ್ಗಿ ನಿಂತು ಕಣ್ಣಾಗ ಕಣ್ಣಿಟ್ಟು ಕೇಳೋದು." ಅಂದಿನಿಂದ ನಾನು ಹಾಗೆಯೇ ಕೇಳುತ್ತ ಬಂದಿದ್ದೇನೆ. ತಹಶೀಲ್ದಾರರು ಎಷ್ಟೋ ಮಂದಿ ಬಂದು ಹೋದರು. ಬಸಲಿಂಗಪ್ಪನ ಅರ್ಜಿಯನ್ನು ಅರ್ಧಕ್ಕೆ ಓದಿ ಪಕ್ಕಕ್ಕಿಟ್ಟವರು ಯಾರೂ ಇಲ್ಲ. ಹೀಗಿರುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ನನ್ನನ್ನು ಕಕ್ಷಿದಾರರ ಎದುರು ಈ ಪರಿ ತಲೆತಗ್ಗಿಸುವಂತೆ ಮಾಡುವುದೆಂದರೆ...

ನೀವು ರಾಯಚೂರಿನಿಂದ ಆ ಮೊದಲ ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ದಿನವೂ ನೆನಪಾಗುತ್ತದೆ. ಬಸ್‌ಸ್ಟ್ಯಾಂಡಿನಿಂದ ಡಬ್ಬಿ ಹೊತ್ತವನು ನಾನು. ಬೇವಿನ ಕೆಳಗೆ ಅದನ್ನು ಬಿಚ್ಚಿದೊಡನೆ ನಾನು ಅಂದೆ: "ಕಾಕಾ, ನಿಮ್ಮ ಆಯ್ಕೆ ಅಂದ್ರ ಆಯ್ಕೆ ರೀ! ಕಲ್ಲಿದ್ದಂಗ ಐತಿ." ನೀವು ಮೀಸೆಯ ತುದಿ ಮುಟ್ಟಿಕೊಂಡಿರಿ, ಮಾತಾಡಲಿಲ್ಲ. ಆಮೇಲೆ ಟೈಪ್‌ರೈಟರಿಗೆ ನಡೆಸಿದ ಪದ್ಧತಿಯನ್ನೇ ಅದಕ್ಕೂ ನಡೆಸಿದಿರಿ. ಹೊಸ ಯಂತ್ರದ ಮೇಲೆ ಮೊದಲ ಅರ್ಜಿ ಕಕ್ಷಿದಾರನದಾಗಬಾರದು, ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಬರೆದದ್ದಾಗಬೇಕು. ಬರೆದವನ ಹೊರತು ಅದನ್ನು ಯಾರೂ ಓದಬಾರದು. ಪ್ರತಿ ಸೋಮವಾರ ಯಂತ್ರಕ್ಕೆ ಮೂರು ಬೆರಳು ವಿಭೂತಿ. ಇವೆರಡನ್ನೂ ನಾನು ಇಂದಿಗೂ ತಪ್ಪಿಸಿಲ್ಲ.

ಆ ಯಂತ್ರ ಎಂಥದ್ದಿತ್ತು! ಒಮ್ಮೆ ನನ್ನ ಗಾಡಿಯಿಂದ ಜಾರಿ ಮುದಗಲ್ ರಸ್ತೆಯ ಮೇಲೆ ಬಿತ್ತು. ನೀವು ಧೂಳು ಒರೆಸಿ ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಿದಿರಿ. ಬ್ಯಾಟರಿ ಸತ್ತರೆ ಎರಡು ಗುಂಡಿ ಸರಿಸಿ ಬೇರೆಯದನ್ನು ಹಾಕಿಕೊಳ್ಳುತ್ತಿದ್ದೆವು. ಹನ್ನೊಂದು ವರ್ಷ ದುಡಿಯಿತು. ಮಸ್ಕಿ ತಾಲೂಕಾಗಿ, ನಾನು ನನ್ನ ಊರಿನ ಕಚೇರಿಯ ಮುಂದೆ ಕೂರಲು ಹೊರಟಾಗ ನೀವು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಊರು ಬದಲಿ ಮಾಡ್ದಿ, ಮಾಡು. ಕಂಪನಿ ಬದಲಿಸಬ್ಯಾಡ." ನಾನು ಮಲ್ಲಯ್ಯನ ಆಣೆ ಇಟ್ಟು ಹೂಂ ಅಂದೆ.

ಆ ಆಣೆಯ ಫಲವನ್ನು ಈಗ ಕೇಳಿರಿ. ನಾನು ಕೊಂಡ ಮೊದಲನೆಯದು ಚಪಾತಿಯಷ್ಟು ತೆಳ್ಳಗಿತ್ತು. ಎರಡು ವರ್ಷ ತುಂಬುವಷ್ಟರಲ್ಲಿ ಅದರ ಎಫ್ ಕೀ ಸತ್ತಿತು. ನಾವು ಒತ್ತಕ್ಷರ ಮೂಡಿಸುವುದು ಆ ಕೀಲಿಯಿಂದಲೇ ಎಂಬುದು ತಮಗೆ ತಿಳಿದ ಸಂಗತಿ. ಪಹಣಿ ತಿದ್ದಿಸಲು ಬಂದಿದ್ದ ಪಾಮನಕಲ್ಲೂರಿನ ಸಿದ್ದಮ್ಮ ಪರದೆಯ ಮೇಲೆ "ಸಿದದಮಮ" ಆಗಿ ನಿಂತಳು. "ಯಾಕ ಯಪ್ಪಾ, ನನ್ನ ಹೆಸರೂ ತಿದ್ದಿಸಬೇಕೇನು?" ಎಂದು ಆಕೆ ಗಾಬರಿಯಾದಳು. ಒಂದು ಕೀಲಿ ಹೋದರೆ ಕೀಬೋರ್ಡನ್ನೇ ಬದಲಿಸಬೇಕಂತೆ. ಅದನ್ನು ಬದಲಿಸಲು ಮೈಯನ್ನೆಲ್ಲ ಬಿಚ್ಚಬೇಕಂತೆ. ಬಿಚ್ಚಿದರೆ ಅಂಟಿಸಿದ ಬ್ಯಾಟರಿ ಏಳಬೇಕಂತೆ. ಬಾಗಿಲ ಚಿಲಕ ಕೆಟ್ಟರೆ ಮನೆ ಕೆಡವುವವರನ್ನು ಎಲ್ಲಿಯಾದರೂ ಕಂಡಿದ್ದೀರಾ?

ಆದರೂ ಎರಡನೆಯದೂ ಅದೇ ಕಂಪನಿಯದನ್ನೇ ತಂದೆ. ಅಷ್ಟರಲ್ಲಿ ನೀವು ತೀರಿಹೋಗಿದ್ದಿರಿ. ಹೋದವರಿಗೆ ಕೊಟ್ಟ ಮಾತಿನ ತೂಕ ಇನ್ನೂ ಹೆಚ್ಚಲ್ಲವೇ? ಗ್ಯಾರಂಟಿ ಮುಗಿದ ಮರು ತಿಂಗಳೇ ಅದರ ಪರದೆಯ ಕೀಲು ಸಡಿಲಾಯಿತು. ಕಂಪನಿಗೆ ಐದು ಪುಟದ ತಕರಾರು ಅರ್ಜಿ ಬರೆದೆ. ಹೆಮ್ಮೆಯಿಂದ ಹೇಳುತ್ತೇನೆ, ನೀವು ಓದಿದ್ದರೆ ಒಂದು ಪದವನ್ನೂ ಹೊಡೆದುಹಾಕುತ್ತಿರಲಿಲ್ಲ. "ಸದರಿ ಯಂತ್ರವು ಸದರಿ ಕಂಪನಿಯ ಹಿಂದಿನ ಕೀರ್ತಿಗೆ ಕಳಂಕಪ್ರಾಯವಾಗಿದ್ದು" ಎಂದು ಆರಂಭಿಸಿದ್ದೆ. ಉತ್ತರವಾಗಿ ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು: ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ? ನಲವತ್ತು ವರ್ಷದ ಕಸುಬಿನಲ್ಲಿ ನನ್ನ ಅರ್ಜಿಯನ್ನು ಓದದೆಯೇ ವಜಾ ಮಾಡಿದ್ದು ಅದೇ ಮೊದಲು. ನಕ್ಷತ್ರ ಬೇಕಂತೆ, ನಕ್ಷತ್ರ!

ಕಳೆದ ತಿಂಗಳು ಅದು ತೀರಾ ಅಲುಗಾಡತೊಡಗಿದಾಗ ಸಿಂಧನೂರಿಗೆ ಒಯ್ದೆ. ಅಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ನಡೆಸುವ ಸುಜಾತಾ ಎಂಬವರಿದ್ದಾರೆ. ಕಾಲುವೆ ಕಡೆಯ ಆಂಧ್ರ ವಲಸಿಗರ ಕ್ಯಾಂಪಿನವರು, ಮಾತಿನಲ್ಲಿ ತೆಲುಗಿನ ಎಳೆ. ತಳ ಬಿಚ್ಚಿ ಹುಬ್ಬೇರಿಸಿದರು.

"ಏಮಂಡಿ ತಾತಾ, ಇದನ್ನ ಒಲೀ ಮ್ಯಾಲ ಇಟ್ಟಿದ್ರೇನು? ಫ್ಯಾನಿನ ತುಂಬ ಬೂದಿ!"

"ಬೂದಿ ಅಲ್ಲಮ್ಮಾ, ವಿಭೂತಿ," ಎಂದೆ.

"ದೇವರಿಗೆ ಮೂಗಿಲ್ಲ, ಇದಕ್ಕೈತಿ. ಉಸಿರಾಡಬೇಕಲ್ರೀ ಪಾಪ!"

ನಾನು ಬಿಡಲಿಲ್ಲ. ಹಳೆಯದು ಹನ್ನೊಂದು ವರ್ಷದ ವಿಭೂತಿಯನ್ನು ತಿಂದು ಅರಗಿಸಿಕೊಂಡಿತ್ತೆಂದು ವಾದಿಸಿದೆ. ಆಕೆ ಕೀಲಿನ ಬುಡವನ್ನು ಸ್ಕ್ರೂಡ್ರೈವರಿನಿಂದ ತೋರಿಸಿದರು. "ಖರೆ, ಇದು ಮುರಿಯಾಕ ವಿಭೂತಿ ಕಾರಣ ಅಲ್ಲ. ಹಳೇದರಾಗ ಸ್ಕ್ರೂ ಲೋಹದಾಗ ಕುಂತಿತ್ತು, ಇದರಾಗ ಪ್ಲಾಸ್ಟಿಕ್‌ನಾಗ ಕುಂದ್ರಿಸ್ಯಾರ. ಸದ್ಯಕ್ಕ ಅಂಟು ಹಾಕಿ ಕೊಡ್ತೀನಿ, ಆದ್ರ ನಿಲ್ಲಂಗಿಲ್ಲ. ಹೆಸರು ಅದ, ಮಾಲು ಅದಲ್ಲ ತಾತಾ. ಬ್ಯಾರೆ ಕಂಪನೀದು ತೊಗೋರಿ, ಬಿಚ್ಚಾಕ ಬರೋ ಮಾಡೆಲ್ ನಾ ಬರದು ಕೊಡ್ತೀನಿ."

"ಬರಂಗಿಲ್ಲಮ್ಮಾ, ಮಾತು ಕೊಟ್ಟೀನಿ."

"ಯಾರಿಗೆ, ಕಂಪನೀಗಾ?"

ಆಕೆ ಮಾಡೆಲ್ ಬರೆದುಕೊಟ್ಟ ಚೀಟಿಯನ್ನು ಜೇಬಿಗಿಟ್ಟುಕೊಂಡು ಬಂದೆ. ಹಾಕಿದ ಅಂಟು ಈ ಬೆಳಿಗ್ಗೆ ಬಿಟ್ಟಿತು. ಮಗಳನ್ನು ಸಾಲಗುಂದಕ್ಕೆ ಕೊಟ್ಟಿದ್ದ ಒಬ್ಬ ಮುದುಕ, ಆಕೆಯ ಆಸ್ತಿ ಹಕ್ಕಿನ ಅರ್ಜಿಗೆಂದು ನನ್ನನ್ನೇ ಹುಡುಕಿ ಬಂದವನು, ಅರ್ಧ ತಾಸು ಕಾದು ಎದುರಿನ ಆನ್‌ಲೈನ್ ಸೆಂಟರಿಗೆ ಎದ್ದು ಹೋದ. ಕೈಬರಹದ ಅರ್ಜಿಯನ್ನು ಈಗ ಕಚೇರಿಯೊಳಗೆ ಯಾರೂ ಮುಟ್ಟುವುದಿಲ್ಲ. ಕಂಪನಿ ಬಿಡದಿದ್ದರೆ ಕಸುಬು ಬಿಡಬೇಕು. ಕಂಪನಿ ಬಿಟ್ಟರೆ ನಿಮಗೆ ಕೊಟ್ಟ ಮಾತು ಮುರಿಯಬೇಕು. ಆದಕಾರಣ, ಕಾಕಾ, ಬಗ್ಗಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದೇನೆ: ನನ್ನನ್ನು ಆ ಮಾತಿನಿಂದ ಬಿಡುಗಡೆ ಮಾಡಬಾರದೇ? ಆದರೆ ಆದೇಶ ಬರೆಯಬೇಕಾದ ನೀವು...

ಇಲ್ಲಿಗೆ ಪೆನ್ನು ಕೆಳಗಿಟ್ಟು, ಶೆಡ್ಡು ಮುಚ್ಚಿ, ಲಿಂಗಸುಗೂರಿನ ಬಸ್ಸು ಹತ್ತಿದೆ. ಮುಂದಿನದು ಒಂದು ವಾರದ ನಂತರ ಬರೆಯುತ್ತಿರುವುದು.

ಚಿಗವ್ವ ನಿಮ್ಮ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ನನ್ನ ಅಹವಾಲನ್ನು ಪೂರ್ತಿ ಕೇಳಿದರು. "ನಿಮ್ಮ ಕಾಕಾ ಕೊಡಬೇಕಾದ ಅಪ್ಪಣಿ ನಾ ಹೆಂಗ ಕೊಡ್ಲೋ ಬಸಲಿಂಗ? ಅವರ ಪೆಟಗಿ ಅಲ್ಲೈತಿ, ಅದನ್ನ ಕೇಳ್ಹೋಗು," ಎಂದು ದೇವರ ಕೋಣೆಯ ಗೂಡು ತೋರಿಸಿದರು. ನಿಮ್ಮ ಯಂತ್ರ ಅಲ್ಲಿತ್ತು. ಮೇಲೆ ಮೂರು ಗೆರೆ ವಿಭೂತಿ, ಆಕೆ ಬಿಟ್ಟಿಲ್ಲ. ಬ್ಯಾಟರಿ ಸತ್ತಿತ್ತು. ತಂತಿ ಸಿಕ್ಕಿಸಿ ಗುಂಡಿ ಒತ್ತಿದೆ. ಫ್ಯಾನು ಕೆಮ್ಮಿತು, ಗೊರಗೊರ ಎಂದಿತು, ಪರದೆ ಬೆಳಗಿತು.

ಮುಂದೆ ಮಾಡಿದ್ದು ತಪ್ಪು. ನಿಮ್ಮ ಮೊದಲ ಅರ್ಜಿಯನ್ನು ತೆರೆದು ಓದಿದೆ. ಒಂದೇ ಪುಟ. "ಶ್ರೀ ಮಲ್ಲಯ್ಯನ ಸನ್ನಿಧಿಗೆ. ಸದರಿ ಯಂತ್ರವು ನಾನು ಆರಿಸಿದ್ದಲ್ಲ. ಬಯಸಿ ಹೋದ ಕಂಪನಿಯದು ಅಂಗಡಿಯಲ್ಲಿರಲಿಲ್ಲ, ಊರಿನ ಬಸ್ಸು ಹೊರಟು ನಿಂತಿತ್ತು, ಇದ್ದದ್ದನ್ನು ತಂದಿದ್ದೇನೆ. ಬಸಲಿಂಗನು ನನ್ನ ಆಯ್ಕೆಯನ್ನು ಹೊಗಳುವಾಗ ಬಾಯಿ ತೆರೆಯಲಾಗಲಿಲ್ಲ. ಹುಡುಗನ ಮುಂದೆ ನನ್ನ ಮಾತು ಉಳಿಯುವಂತೆ ಇದನ್ನು ನಡೆಸಿಕೊಡಬೇಕು, ಸುಳ್ಳನ್ನು ಮನ್ನಿಸಬೇಕು."

ಹೊರಗೆ ಬಂದು ಕೇಳಿದಾಗ ಚಿಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಆ ಬಸ್ಸು ಅವತ್ತು ಹತ್ತು ನಿಮಿಷ ತಡ ಆಗಿ ಬಿಟ್ಟಿದ್ರ ಅವರು ಇನ್ನೊಂದು ಅಂಗಡಿ ನೋಡ್ತಿದ್ರು, ನೀ ಬ್ಯಾರೆ ಕಂಪನಿ ಆಣಿ ಇಡ್ತಿದ್ದಿ ಬಿಡು! ಎರಡು ದಿನ ಸಿಟ್ಟಿಗೆ ಸರಿಯಾಗಿ ಉಣ್ಣಲಿಲ್ಲ ನಿಮ್ಮ ಕಾಕಾ."

ಅಲ್ಲ ಕಾಕಾ, ಹನ್ನೊಂದು ವರ್ಷ ಪಕ್ಕದಲ್ಲೇ ಕುಳಿತಿದ್ದೆನಲ್ಲ, ಒಂದು ಮಾತು ಹೇಳಬಾರದಿತ್ತೇ? ಬರೀ ಒಂದು ಬಸ್ಸಿನ ವೇಳೆಯ ಸಲುವಾಗಿ ನಾನು ಎರಡು ಲ್ಯಾಪ್‌ಟಾಪಿನ ದುಡ್ಡು ಸುರಿದೆನಲ್ಲ! ಅದು ಕೆಡದೆ ದುಡಿಯುವುದನ್ನು ನೋಡಿ ನೋಡಿ ಕೊನೆಗೆ ನೀವೂ ಅದನ್ನು ನಿಮ್ಮ ಆಯ್ಕೆಯೆಂದೇ ನಂಬಿದಿರೋ? ಅಥವಾ ನಾನು ಅಂದು ಅವಸರಪಟ್ಟು ಹೊಗಳದೆ ಇದ್ದಿದ್ದರೆ... ದಾರಿಯುದ್ದಕ್ಕೂ ನಿಮ್ಮ ಮೇಲೆ ಸಿಟ್ಟಿನಲ್ಲಿ ಬಂದೆ. ಮಸ್ಕಿ ಬಂದು ಗುಡ್ಡ ಕಂಡಾಗ ಒಂದು ಸಂಗತಿ ಹೊಳೆಯಿತು. ನಿಮ್ಮ ಅರ್ಜಿ ಮಲ್ಲಯ್ಯನ ಮುಂದೆ ಇಷ್ಟು ವರ್ಷ ಬಾಕಿ ಉಳಿದಿದೆ, ಬಾಧಿತನು ನಾನು. ಆದ್ದರಿಂದ ಆದೇಶವನ್ನು ನಾನೇ ಬರೆಯುತ್ತೇನೆ: ಅರ್ಜಿಯನ್ನು ಪುರಸ್ಕರಿಸಲಾಗಿದೆ. ಸುಳ್ಳನ್ನು ಮನ್ನಿಸಲಾಗಿದೆ, ಅದರ ಮೇಲೆ ನಿಂತ ನನ್ನ ಆಣೆಯನ್ನು ರದ್ದುಪಡಿಸಲಾಗಿದೆ. ನಿಮ್ಮ ಅರ್ಜಿಯನ್ನು ಕದ್ದು ಓದಿದ್ದನ್ನು ನೀವು ಮನ್ನಿಸಬೇಕು. ಲೆಕ್ಕ ಸರಿಹೋಯಿತಲ್ಲವೇ?

ಇನ್ನು ನಿಮಗೆ ತಲುಪದ ಸುದ್ದಿ. ಜೇಬಿನ ಚೀಟಿಯ ಪ್ರಕಾರ ಬೇರೆ ಕಂಪನಿಯದನ್ನು ತಂದಿದ್ದೇನೆ. ದಪ್ಪಗಿದೆ, ಅಂದವಿಲ್ಲ, ತಳ ಬಿಚ್ಚಬಹುದು. ಮಲ್ಲಯ್ಯನಿಗೆ ಮೊದಲ ಅರ್ಜಿ ಮುಗಿಸಿ ಈ ಭಾಗವನ್ನು ಅದರಲ್ಲೇ ಟೈಪು ಮಾಡುತ್ತಿದ್ದೇನೆ. ಇನ್ನು ಮೇಲೆ ವಿಭೂತಿ ಅದರ ಚೀಲಕ್ಕೆ ಮಾತ್ರ. ನಿನ್ನೆ ಕಚೇರಿಯ ಜವಾನ ಬಂದು ಅದರ ಬೆನ್ನು ತಟ್ಟಿ, "ಏನ್ ಛಲೋ ಆರಿಸೀರಿ ಯಜಮಾನ್ರ! ನಿಮ್ಮ ಆಯ್ಕೆ ಅಂದ್ರ ಆಯ್ಕೆ," ಎಂದ. ನನ್ನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಅದನ್ನು ಕೆಳಗಿಳಿಸಿ ಹೇಳಿದೆ: "ನಂದಲ್ಲಪಾ. ಸಿಂಧನೂರಿನ ಸುಜಾತಾ ಅಂತ ಅದಾರ, ಅವರ ಆಯ್ಕೆ."

ಅಷ್ಟನ್ನು ಹೇಳಲು ಎಷ್ಟು ಸಂಕಟವಾಯಿತೆಂಬುದು, ಕಾಕಾ, ನಿಮ್ಮೊಬ್ಬರಿಗೇ ಗೊತ್ತಾಗುವಂಥದ್ದು.

ನಿಮ್ಮ ನಕಲುಗಾರ,
ಬಸ್ಯಾ